ಪದವನ್ನು ವಾಕ್ಯದೊಂದಿಗೆ ಕಲಿಯೋಣ

ಹತ್ತನೆಯ ತರಗತಿಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಕಲಿತು, ಒಳ್ಳೆಯ ಅಂಕಗಳೊಂದಿಗೆ ತೇರ್ಗಡೆಯಾದ ಮಕ್ಕಳು ಪಿಯುಸಿ ವಿಜ್ಞಾನ ತರಗತಿಗೆ ಕಾಲಿಟ್ಟೊಡನೆ ಮಂಕಾಗುವುದನ್ನು ನಾವು ವರ್ಷ ವರ್ಷವೂ ನೋಡುತ್ತಿದ್ದೇವೆ. ನಿನ್ನೆಯವರೆಗೆ ಆಮ್ಲ, ಪ್ರತ್ಯಾಮ್ಲ, ವೇಗೋತ್ಕರ್ಷ ಎಂದು ನಿರರ್ಗಳವಾಗಿ ಉತ್ತರಿಸುತ್ತಿದ್ದ ಹುಡುಗಿ ಇಂದು ಆಸಿಡ್, ಬೇಸ್, ಆಕ್ಸಿಲರೇಶನ್ ಎಂಬ ಪದಗಳ ಮುಂದೆ ಮೌನಿಯಾಗುತ್ತಾಳೆ. ಅವಳಿಗೆ ವಿಷಯ ಗೊತ್ತಿಲ್ಲವೆಂದಲ್ಲ. ಗೊತ್ತಿರುವ ವಿಷಯದ ಹೆಸರು ಬದಲಾಗಿದೆ, ಅಷ್ಟೇ. ಆದರೆ ಇದನ್ನು ತಿಳಿಸಿ ಹೇಳುವವರು ಯಾರೂ ಇಲ್ಲದಿದ್ದಾಗ 'ಇದು ನನ್ನಿಂದಾಗದು' ಎಂಬ ತೀರ್ಮಾನಕ್ಕೆ ಅವಳು ಬಂದು ಬಿಡುತ್ತಾಳೆ. ಕೆಲವರು ವಿಜ್ಞಾನವನ್ನು ಬಿಡುತ್ತಾರೆ, ಕೆಲವರು ಕಾಲೇಜನ್ನೇ ಬಿಡುತ್ತಾರೆ. 'ಹೆಣ್ಣು ಮಗಳು, ಇಷ್ಟು ಓದಿದ್ದು ಸಾಕು' ಎಂದು ಮನೆಯವರೂ ಸುಮ್ಮನಾಗುತ್ತಾರೆ. ಒಂದು ಭಾಷೆಯ ಕೆಲವು ನೂರು ಪದಗಳು ಒಂದು ಮಗುವಿನ ಭವಿಷ್ಯಕ್ಕೆ ಅಡ್ಡಗೋಡೆಯಾಗಿ ನಿಲ್ಲುವುದು ನಿಜಕ್ಕೂ ವಿಷಾದನೀಯ.

ಇದಕ್ಕೆ ಪರಿಹಾರವೆಂದು ಅನೇಕ ಹೆತ್ತವರು ಮಕ್ಕಳ ಕೈಗೆ ಒಂದು ಪದಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ಮಗು ಬೆಳಿಗ್ಗೆ ಒಪ್ಪಿಸುತ್ತದೆ, ಸಂಜೆಗೆ ಮರೆಯುತ್ತದೆ. ಮರೆಯದೆ ಉಳಿದ ಪದವನ್ನೂ ಮಾತನಾಡುವಾಗ ಎಲ್ಲಿ ಬಳಸಬೇಕೆಂದು ತಿಳಿಯದೆ ತಡವರಿಸುತ್ತದೆ. ತಪ್ಪು ಮಗುವಿನದ್ದಲ್ಲ, ವಿಧಾನದ್ದು. ಪದವೆಂಬುದು ಒಂಟಿಯಾಗಿ ಬದುಕುವ ವಸ್ತುವಲ್ಲ. ಅದು ಬದುಕುವುದು ವಾಕ್ಯದಲ್ಲಿ. ಆದ್ದರಿಂದ ಅದನ್ನು ಕಲಿಯಬೇಕಾದುದೂ ವಾಕ್ಯದಲ್ಲಿಯೇ.

ಈ ಪಾಠವನ್ನು ಮಕ್ಕಳು ಮಾತ್ರವಲ್ಲ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಓದಬೇಕೆಂಬುದು ನಮ್ಮ ಅಪೇಕ್ಷೆ. ಇಂಗ್ಲಿಷ್ ಅಕ್ಷರ ಬಾರದ ತಾಯಂದಿರಿಗೂ ಅಜ್ಜಿಯಂದಿರಿಗೂ ಅನುಕೂಲವಾಗಲೆಂದು ಎಲ್ಲ ಪದಗಳನ್ನೂ ಕನ್ನಡ ಲಿಪಿಯಲ್ಲೇ ಕೊಡಲಾಗಿದೆ. ಅವುಗಳ ಸ್ಪೆಲ್ಲಿಂಗನ್ನು ಮಕ್ಕಳು ನಿಘಂಟು ನೋಡಿ ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲಿ. ಅದೂ ಪಾಠದ ಒಂದು ಭಾಗವೇ.

'ಹಾಕು' ಎಂಬುದಕ್ಕೆ ಇಂಗ್ಲಿಷ್ ಪದ ಯಾವುದು?

ಈ ಪ್ರಶ್ನೆಯನ್ನು ನಿಮ್ಮ ಮಕ್ಕಳಿಗೆ ಕೇಳಿ ನೋಡಿರಿ. 'ಪುಟ್' ಎಂದು ತಟ್ಟನೆ ಉತ್ತರಿಸುತ್ತಾರೆ. ಇನ್ನು ಈ ಕೆಳಗಿನ ವಾಕ್ಯಗಳನ್ನು ಗಮನಿಸಿರಿ.

ಬಾಗಿಲಿಗೆ ಬೀಗ ಹಾಕು. — "ಲಾಕ್ ದ ಡೋರ್."
ಅರ್ಜಿಗೆ ಸಹಿ ಹಾಕು. — "ಸೈನ್ ದ ಅಪ್ಲಿಕೇಶನ್."
ಗಿಡಕ್ಕೆ ನೀರು ಹಾಕು. — "ವಾಟರ್ ದ ಪ್ಲಾಂಟ್."
ಚಹಾಕ್ಕೆ ಸಕ್ಕರೆ ಹಾಕು. — "ಆಡ್ ಶುಗರ್ ಟು ದ ಟೀ."
ಆ ಕೆಲಸಕ್ಕೆ ಅರ್ಜಿ ಹಾಕು. — "ಅಪ್ಲೈ ಫಾರ್ ದಟ್ ಜಾಬ್."
ಚಪ್ಪಲಿ ಹಾಕು. — "ಪುಟ್ ಆನ್ ಯುವರ್ ಸ್ಲಿಪರ್ಸ್."

ಆರು ವಾಕ್ಯಗಳಲ್ಲಿ 'ಹಾಕು' ಇದೆ. 'ಪುಟ್' ಬಂದಿರುವುದು ಒಂದರಲ್ಲಿ ಮಾತ್ರ. ಅದೂ 'ಆನ್' ಎಂಬ ಜೊತೆಗಾರನೊಂದಿಗೆ. 'ಹಾಕು ಎಂದರೆ ಪುಟ್' ಎಂದು ಉರು ಹೊಡೆದ ಮಗು 'ಪುಟ್ ಸೈನ್', 'ಪುಟ್ ಲಾಕ್' ಎಂದು ಹೇಳುವುದರಲ್ಲಿ ಆಶ್ಚರ್ಯವೇನಿದೆ?

'ಸಾಲ' ಎಂಬ ಪದವನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ಸಾಲ ಕೊಡುತ್ತೇವೆ, ಸಾಲ ತರುತ್ತೇವೆ; ಎರಡಕ್ಕೂ ಪದ ಒಂದೇ. ಇಂಗ್ಲಿಷ್‌ನಲ್ಲಿ ಹಾಗಲ್ಲ. ಪಡೆಯುವುದು 'ಬಾರೋ', ಕೊಡುವುದು 'ಲೆಂಡ್'. "ಐ ಬಾರೋಡ್ ಎ ಬುಕ್ ಫ್ರಮ್ ಫಾತಿಮಾ" ಎಂದರೆ ಫಾತಿಮಾಳಿಂದ ನಾನು ಪುಸ್ತಕ ಎರವಲು ಪಡೆದೆ. "ಫಾತಿಮಾ ಲೆಂಟ್ ಮಿ ಎ ಬುಕ್" ಎಂದರೆ ಫಾತಿಮಾ ನನಗೆ ಪುಸ್ತಕ ಎರವಲು ಕೊಟ್ಟಳು. 'ಬಾರೋ' ಬಂದಲ್ಲಿ 'ಫ್ರಮ್' ಬರುತ್ತದೆ ಎಂಬುದನ್ನು ಪದಪಟ್ಟಿ ಹೇಳುವುದಿಲ್ಲ, ವಾಕ್ಯ ಹೇಳುತ್ತದೆ.

ಇದೇ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಇಂಗ್ಲಿಷ್‌ನ ಒಂದೇ ಪದಕ್ಕೆ ಕನ್ನಡದಲ್ಲಿ ಹಲವು ಅರ್ಥಗಳಿರುತ್ತವೆ. 'ಫಾಸ್ಟ್' ಎಂದರೆ ವೇಗ ಎಂದು ಎಲ್ಲರೂ ಬಲ್ಲರು. "ದಿಸ್ ಬಸ್ ಇಸ್ ಫಾಸ್ಟ್" ಎಂದರೆ ಈ ಬಸ್ಸು ವೇಗವಾಗಿ ಹೋಗುತ್ತದೆ. ಆದರೆ "ವಿ ಫಾಸ್ಟ್ ಇನ್ ರಮಝಾನ್" ಎಂದರೆ ರಮಝಾನ್ ತಿಂಗಳಲ್ಲಿ ನಾವು ಉಪವಾಸವಿರುತ್ತೇವೆ. "ದ ಬೇಬಿ ಇಸ್ ಫಾಸ್ಟ್ ಅಸ್ಲೀಪ್" ಎಂದರೆ ಮಗು ಗಾಢ ನಿದ್ದೆಯಲ್ಲಿದೆ. ಇಲ್ಲಿ ವೇಗವೂ ಇಲ್ಲ, ಉಪವಾಸವೂ ಇಲ್ಲ. ಬೆಳಗಿನ ಉಪಾಹಾರಕ್ಕೆ 'ಬ್ರೇಕ್‌ಫಾಸ್ಟ್' ಎನ್ನುತ್ತಾರಲ್ಲ, ಅದರ ಮೂಲಾರ್ಥ 'ಉಪವಾಸ ಮುರಿಯುವುದು' ಎಂದೇ. ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಗೆ ಮೊದಲ ಆಹಾರ.

ನಿಘಂಟು ರಚಿಸಿದವರು ಅನುಸರಿಸಿದ ದಾರಿಯೂ ಇದೇ. ಎಂಟನೆಯ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನು ಅಹ್ಮದ್‌ರು ಅರಬಿ ಭಾಷೆಯ ಮೊದಲ ನಿಘಂಟಾದ 'ಕಿತಾಬುಲ್ ಐನ್'ಗೆ ರೂಪು ಕೊಟ್ಟರು. ಅರಬಿ ನಿಘಂಟುಕಾರರು ಒಂದು ಪದದ ಅರ್ಥಕ್ಕೆ ಸಾಕ್ಷಿಯಾಗಿ ಕುರ್‌ಆನಿನ ಸೂಕ್ತವನ್ನೋ, ಹಳೆಯ ಕವಿಯ ಸಾಲನ್ನೋ, ಮರುಭೂಮಿಯ ಬುಡಕಟ್ಟಿನವರ ಮಾತನ್ನೋ ಉದ್ಧರಿಸುತ್ತಿದ್ದರು. ಇಂಗ್ಲಿಷ್‌ನ ಅತಿ ದೊಡ್ಡ ನಿಘಂಟಾದ ಆಕ್ಸ್‌ಫರ್ಡ್ ನಿಘಂಟಿನ ಕಥೆಯೂ ಬೇರೆಯಲ್ಲ. ಸಾವಿರಾರು ಮಂದಿ ಸಾಮಾನ್ಯ ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳಲ್ಲಿ ಬರೆದು ಸಂಪಾದಕ ಜೇಮ್ಸ್ ಮರ್‍ರೆಯವರಿಗೆ ಕಳುಹಿಸಿದರು. ಅದರ ಮೊದಲ ಭಾಗ 1884ರಲ್ಲಿ ಹೊರಬಂತು, ಪೂರ್ಣಗೊಂಡದ್ದು 1928ರಲ್ಲಿ. 4 ಲಕ್ಷಕ್ಕೂ ಮಿಕ್ಕಿದ ಪದಗಳಿಗೆ ಅದರಲ್ಲಿ 18 ಲಕ್ಷಕ್ಕೂ ಮಿಕ್ಕಿದ ಉದಾಹರಣೆಗಳಿದ್ದವು. ಮೊದಲು ವಾಕ್ಯ, ಆಮೇಲೆ ಅರ್ಥ ಎಂಬುದೇ ಅವರೆಲ್ಲರ ಕ್ರಮವಾಗಿತ್ತು.

ಮೊದಲ ಪಾಠ: ಮನೆಯಲ್ಲೇ ಇರುವ ಪದಗಳು

ಪದಸಂಗ್ರಹವನ್ನು ಎಲ್ಲಿಂದ ಆರಂಭಿಸಬೇಕು? ಮನೆಯಿಂದ. ಉರ್ದು, ಬ್ಯಾರಿ, ನವಾಯತಿ, ಮಲಯಾಳ ಅಥವಾ ಕನ್ನಡ — ನಾವು ಮನೆಯಲ್ಲಿ ಯಾವ ಭಾಷೆಯಾಡಿದರೂ ಅರಬಿ ಮೂಲದ ಅನೇಕ ಪದಗಳು ನಮಗೆ ಪರಿಚಿತ. ಇಂಗ್ಲಿಷ್ ಕೂಡ ವ್ಯಾಪಾರಿಗಳ, ನಾವಿಕರ ಮತ್ತು ವಿದ್ವಾಂಸರ ಮೂಲಕ ಅರಬಿಯಿಂದ ನೂರಾರು ಪದಗಳನ್ನು ಪಡೆದಿದೆ. ಹೆಚ್ಚಿನವು ಸ್ಪೇನ್, ಇಟಲಿ, ಫ್ರಾನ್ಸ್‌ಗಳ ದಾರಿಯಾಗಿ ಹೋದುದರಿಂದ ಅವುಗಳ ಉಚ್ಚಾರ ಬದಲಾಗಿದೆ. ಮುಖ ನೋಡಿದರೆ ಗುರುತು ಸಿಗದು. ಪರಿಚಯ ಮಾಡಿಸಿದರೆ ಮತ್ತೆ ಮರೆಯದು. ಅಂತಹ ಕೆಲವು ಪದಗಳು ಇಲ್ಲಿವೆ.

1. ಟ್ಯಾಮರಿಂಡ್ — ಹುಣಸೆಹುಳಿ. ಅರಬಿಯ 'ತಮ್ರ್ ಹಿಂದಿ', ಅಂದರೆ 'ಭಾರತದ ಖರ್ಜೂರ' ಎಂಬುದೇ ಟ್ಯಾಮರಿಂಡ್ ಆಯಿತು. ಜೊತೆಯ ಪದ 'ಸೋಕ್', ಅಂದರೆ ನೆನೆಹಾಕು. "ಸೋಕ್ ದ ಟ್ಯಾಮರಿಂಡ್ ಇನ್ ವಾರ್ಮ್ ವಾಟರ್." — ಹುಣಸೆಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಹಾಕು.

2. ಶುಗರ್ — ಸಕ್ಕರೆ. ಸಂಸ್ಕೃತದ 'ಶರ್ಕರಾ' ಪಾರ್ಸಿಯಲ್ಲಿ 'ಶಕರ್', ಅರಬಿಯಲ್ಲಿ 'ಸುಕ್ಕರ್', ಇಂಗ್ಲಿಷ್‌ನಲ್ಲಿ 'ಶುಗರ್'. ನಮ್ಮ 'ಸಕ್ಕರೆ'ಗೂ ತಾಯಿ ಆ ಶರ್ಕರೆಯೇ. "ದೇರ್ ಇಸ್ ನೋ ಶುಗರ್ ಲೆಫ್ಟ್ ಇನ್ ದ ಜಾರ್." — ಡಬ್ಬಿಯಲ್ಲಿ ಸಕ್ಕರೆ ಉಳಿದಿಲ್ಲ. ಈ ವಾಕ್ಯದ 'ಜಾರ್' ಕೂಡ ಅರಬಿಯ 'ಜರ್‍ರಾ', ಅಂದರೆ ಮಣ್ಣಿನ ಹೂಜಿ.

3. ಸಿರಪ್ — ಪಾಕ, ಸಿಹಿಯಾದ ದ್ರವ ಔಷಧಿ. ಅರಬಿಯಲ್ಲಿ 'ಶರಾಬ್' ಎಂದರೆ ಪಾನೀಯ, ಕುಡಿಯುವ ವಸ್ತು. ಬೇಸಿಗೆಯಲ್ಲಿ ನಾವು ಕುಡಿಯುವ ಶರಬತ್ತು ಅದೇ ಮೂಲದ್ದು. "ದ ಡಾಕ್ಟರ್ ಪ್ರಿಸ್ಕ್ರೈಬ್ಡ್ ಎ ಕಾಫ್ ಸಿರಪ್." — ವೈದ್ಯರು ಕೆಮ್ಮಿನ ಔಷಧಿ ಬರೆದುಕೊಟ್ಟರು. ವೈದ್ಯರು ಔಷಧಿ ಬರೆಯುವುದಕ್ಕೆ 'ರೈಟ್' ಬದಲು 'ಪ್ರಿಸ್ಕ್ರೈಬ್' ಎಂಬುದೇ ಸರಿಯಾದ ಪದ.

4. ಸೋಫಾ — ಒರಗು ಪೀಠ. ಅರಬಿಯ 'ಸುಫ್ಫಾ', ಅಂದರೆ ಎತ್ತರಿಸಿದ ಜಗಲಿ. ಮದೀನದ ಮಸೀದಿಯ ಸುಫ್ಫಾದಲ್ಲಿ ತಂಗಿ ವಿದ್ಯೆ ಕಲಿತ ಸಹಾಬಿಗಳನ್ನು 'ಅಸ್‌ಹಾಬುಸ್ಸುಫ್ಫಾ' ಎನ್ನುವುದು ನಮಗೆಲ್ಲ ತಿಳಿದಿದೆ. "ಪ್ಲೀಸ್ ಸಿಟ್ ಆನ್ ದ ಸೋಫಾ." — ದಯವಿಟ್ಟು ಸೋಫಾದ ಮೇಲೆ ಕುಳಿತುಕೊಳ್ಳಿರಿ.

5. ಕ್ಯಾರೆಟ್ — ಚಿನ್ನದ ಶುದ್ಧತೆಯ ಅಳತೆ. ಅರಬಿಯ 'ಕೀರಾತ್'ನಿಂದ ಬಂದಿದೆ; ಅರಬರಿಗೆ ಅದು ಗ್ರೀಕರಿಂದ ಬಂದಿತ್ತು. ಅಪ್ಪಟ ಚಿನ್ನ 24 ಕ್ಯಾರೆಟ್. 22ನ್ನು 24ರಿಂದ ಭಾಗಿಸಿದರೆ ಶೇ. 91.6 ಬರುತ್ತದೆ, ಒಡವೆಯ ಮೇಲಿನ '916' ಎಂಬ ಗುರುತಿನ ಗುಟ್ಟು ಇದೇ. "ದಿಸ್ ಬ್ಯಾಂಗಲ್ ಇಸ್ ಮೇಡ್ ಆಫ್ ಟ್ವೆಂಟಿಟೂ ಕ್ಯಾರೆಟ್ ಗೋಲ್ಡ್." — ಈ ಬಳೆ 22 ಕ್ಯಾರೆಟ್ ಚಿನ್ನದ್ದು. ತರಕಾರಿಯ ಕ್ಯಾರೆಟ್ ಬೇರೆ. ಅದರ ಸ್ಪೆಲ್ಲಿಂಗೂ ಬೇರೆ. ನಿಘಂಟಿನಲ್ಲಿ ಎರಡನ್ನೂ ಹುಡುಕಿರಿ.

6. ಮ್ಯಾಗಜೀನ್ — ಪತ್ರಿಕೆ. ಅರಬಿಯ 'ಮಖ್‌ಝನ್' ಎಂದರೆ ಉಗ್ರಾಣ, ಅದರ ಬಹುವಚನ 'ಮಖಾಝಿನ್'. ಕನ್ನಡದ 'ಖಜಾನೆ'ಯೂ ಅದೇ ಧಾತುವಿನದ್ದು. ಮದ್ದುಗುಂಡು ಸಂಗ್ರಹಿಸುವ ಮನೆಗೆ ಇಂಗ್ಲಿಷ್‌ನಲ್ಲಿ 'ಪೌಡರ್ ಮ್ಯಾಗಜೀನ್' ಎನ್ನುತ್ತಾರೆ. 1731ರಲ್ಲಿ ಲಂಡನ್ನಿನಲ್ಲಿ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಆರಂಭವಾದಾಗ 'ಮಾಹಿತಿಯ ಉಗ್ರಾಣ' ಎಂಬ ಅರ್ಥದಲ್ಲಿ ಈ ಹೆಸರಿಟ್ಟರು. ಅಂದಿನಿಂದ ಪತ್ರಿಕೆಗೆ ಅದೇ ಹೆಸರಾಯಿತು. "ಮೈ ಮದರ್ ರೀಡ್ಸ್ ಎ ಮ್ಯಾಗಜೀನ್ ಎವ್ರಿ ಮಂತ್." — ನನ್ನ ತಾಯಿ ಪ್ರತಿ ತಿಂಗಳೂ ಒಂದು ಪತ್ರಿಕೆ ಓದುತ್ತಾರೆ.

7. ಮಾನ್ಸೂನ್ — ಮಳೆಗಾಲದ ಮಾರುತ. ಅರಬಿಯ 'ಮೌಸಿಮ್', ಅಂದರೆ ಋತು; ಉರ್ದುವಿನ 'ಮೌಸಮ್' ಕೂಡ ಅದೇ. ಗಾಳಿಯ ದಿಕ್ಕು ನೋಡಿ ಅರಬ್ಬೀ ಸಮುದ್ರ ದಾಟುತ್ತಿದ್ದ ನಾವಿಕರ ಪದವನ್ನು ಪೋರ್ಚುಗೀಸರು ಎತ್ತಿಕೊಂಡರು, ಅವರಿಂದ ಅದು ಇಂಗ್ಲಿಷ್‌ಗೆ ಬಂತು. ಜೊತೆಯ ಪದ 'ಸೆಟ್ ಇನ್', ಅಂದರೆ ಹಿಡಿದುಕೊಳ್ಳು. "ದ ಮಾನ್ಸೂನ್ ಹಸ್ ಸೆಟ್ ಇನ್." — ಮಳೆಗಾಲ ಹಿಡಿದಿದೆ.

8. ಸಫಾರಿ — ಕಾಡುಪ್ರಾಣಿಗಳನ್ನು ನೋಡಲು ಕೈಗೊಳ್ಳುವ ಸಂಚಾರ. ಅರಬಿಯ 'ಸಫರ್', ಅಂದರೆ ಪ್ರಯಾಣ. ಆಫ್ರಿಕಾದ ಸ್ವಾಹಿಲಿ ಭಾಷೆಯ ಮೂಲಕ ಇಂಗ್ಲಿಷ್‌ಗೆ ಬಂತು. "ವಿ ವೆಂಟ್ ಆನ್ ಎ ಸಫಾರಿ ಅಟ್ ಬಂಡೀಪುರ್." — ಬಂಡೀಪುರದಲ್ಲಿ ನಾವು ಸಫಾರಿಗೆ ಹೋದೆವು. 'ಗೋ ಟು' ಅಲ್ಲ, 'ಗೋ ಆನ್' ಎಂಬುದನ್ನು ಗಮನಿಸಿರಿ.

9. ಝೀರೊ — ಸೊನ್ನೆ. ಸಂಸ್ಕೃತದ 'ಶೂನ್ಯ', ಅಂದರೆ ಬರಿದು. ಅರಬರು ಅದನ್ನು 'ಸಿಫ್ರ್' ಎಂದು ತಮ್ಮ ಭಾಷೆಗೆ ತಿರುಗಿಸಿದರು. ಇಟಲಿಯ ಗಣಿತಜ್ಞ ಫಿಬೊನಾಚಿ 1202ರ ತನ್ನ ಗ್ರಂಥದಲ್ಲಿ ಅದನ್ನು ಲ್ಯಾಟಿನ್‌ಗೆ ಒಗ್ಗಿಸಿ ಬರೆದ. ಅದೇ ಸವೆದು ಝೀರೊ ಆಯಿತು. ಅದೇ 'ಸಿಫ್ರ್' ಇನ್ನೊಂದು ದಾರಿಯಲ್ಲಿ ಸಾಗಿ 'ಸೈಫರ್', ಅಂದರೆ ಗುಪ್ತಲಿಪಿ ಆಯಿತು. 'ಡಿಸೈಫರ್' ಎಂದರೆ ಗೂಢವಾದುದನ್ನು ಬಿಡಿಸಿ ಓದು. "ಐ ಕುಡ್ ನಾಟ್ ಡಿಸೈಫರ್ ಹಿಸ್ ಹ್ಯಾಂಡ್‌ರೈಟಿಂಗ್." — ಅವನ ಕೈಬರಹವನ್ನು ಬಿಡಿಸಿ ಓದಲು ನನ್ನಿಂದಾಗಲಿಲ್ಲ.

10. ಆಲ್ಜಿಬ್ರಾ — ಬೀಜಗಣಿತ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದ್‌ನ ಅಲ್ ಖವಾರಿಝ್ಮಿಯವರು ಬರೆದ ಗಣಿತ ಗ್ರಂಥದ ಹೆಸರಿನಲ್ಲಿ 'ಅಲ್ ಜಬ್ರ್' ಎಂಬ ಪದವಿತ್ತು. ಬೇರ್ಪಟ್ಟುದನ್ನು ಮರಳಿ ಜೋಡಿಸುವುದು ಎಂದು ಅದರರ್ಥ. ಮುರಿದ ಮೂಳೆ ಕೂಡಿಸುವುದಕ್ಕೂ ಅದೇ ಪದ. 1145ರಲ್ಲಿ ಸ್ಪೇನ್‌ನಲ್ಲಿ ಆ ಗ್ರಂಥ ಲ್ಯಾಟಿನ್‌ಗೆ ಅನುವಾದಗೊಂಡಿತು. ಕಂಪ್ಯೂಟರ್ ಪಾಠದಲ್ಲಿ ಬರುವ 'ಆಲ್ಗರಿದಮ್' ಅವರ ಹೆಸರಿನಿಂದಲೇ ಹುಟ್ಟಿದ ಪದ. "ಶಿ ಇಸ್ ಗುಡ್ ಅಟ್ ಆಲ್ಜಿಬ್ರಾ." — ಅವಳು ಬೀಜಗಣಿತದಲ್ಲಿ ಜಾಣೆ. 'ಗುಡ್ ಇನ್' ಎನ್ನುವುದಕ್ಕಿಂತ 'ಗುಡ್ ಅಟ್' ಎಂಬುದೇ ರೂಢಿ.

11. ಆವರೇಜ್ — ಸರಾಸರಿ. ಅರಬಿಯ 'ಅವಾರ್', ಅಂದರೆ ಸರಕಿಗಾದ ಹಾನಿ. ಹಡಗಿನಲ್ಲಿ ಸರಕು ನಷ್ಟವಾದಾಗ ಅದನ್ನು ಎಲ್ಲ ವರ್ತಕರೂ ಪಾಲು ಪ್ರಕಾರ ಹಂಚಿಕೊಳ್ಳುತ್ತಿದ್ದರು. ಹಾಗೆ ಹಂಚುವ ಲೆಕ್ಕವೇ ಕ್ರಮೇಣ ಸರಾಸರಿ ಎಂಬ ಅರ್ಥ ಪಡೆಯಿತು. "ಆನ್ ಆವರೇಜ್, ಐ ರೀಡ್ ಟೆನ್ ಪೇಜಸ್ ಎ ಡೇ." — ಸರಾಸರಿ ದಿನಕ್ಕೆ ಹತ್ತು ಪುಟ ಓದುತ್ತೇನೆ.

ಮೂಲ ನೆನಪಿಗೆ, ವಾಕ್ಯ ಅರ್ಥಕ್ಕೆ

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪದದ ಮೂಲ ತಿಳಿದರೆ ಅದು ನೆನಪಿನಲ್ಲಿ ಉಳಿಯುತ್ತದೆ, ನಿಜ. ಆದರೆ ಮೂಲದ ಅರ್ಥವೇ ಇಂದಿನ ಅರ್ಥವೆಂದು ಭಾವಿಸಬಾರದು. 'ಟ್ಯಾರಿಫ್' ಅರಬಿಯ 'ತಅರೀಫ್'ನಿಂದ ಬಂತು. ಉರ್ದುವಿನಲ್ಲಿ 'ತಾರೀಫ್' ಎಂದರೆ ಹೊಗಳಿಕೆ. ಆದರೆ "ದ ಎಲೆಕ್ಟ್ರಿಸಿಟಿ ಟ್ಯಾರಿಫ್ ಹಸ್ ಗಾನ್ ಅಪ್" ಎಂದರೆ ವಿದ್ಯುತ್ತಿನ ದರ ಏರಿದೆ ಎಂದು. ಅಲ್ಲಿ ಹೊಗಳುವಂತಹದ್ದೇನೂ ಇಲ್ಲ! ಮೂಲದಲ್ಲಿ ಅದರ ಅರ್ಥ 'ತಿಳಿಯಪಡಿಸುವುದು'. ದರಗಳನ್ನು ತಿಳಿಯಪಡಿಸುವ ಪಟ್ಟಿ ಎಂಬ ಅರ್ಥ ಯುರೋಪಿನಲ್ಲಿ ಬೆಳೆಯಿತು, ಹೊಗಳಿಕೆ ಎಂಬ ಅರ್ಥ ನಮ್ಮಲ್ಲಿ ಬೆಳೆಯಿತು.

'ಆಲ್ಕೊಹಾಲ್' ಇನ್ನೂ ವಿಚಿತ್ರ. ಅದು ಅರಬಿಯ 'ಅಲ್ ಕುಹ್ಲ್', ಅಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ನಯವಾದ ಪುಡಿಗೆ ಹೇಳುತ್ತಿದ್ದ ಈ ಪದವನ್ನು ಯುರೋಪಿನ ರಸಾಯನ ವಿದ್ವಾಂಸರು ಯಾವುದೇ ವಸ್ತುವಿನಿಂದ ತೆಗೆದ ಸತ್ವಕ್ಕೆ ಬಳಸಿದರು. ಕೊನೆಗೆ ಭಟ್ಟಿಯಿಳಿಸಿದ ಮದ್ಯಸಾರಕ್ಕೆ ಅದು ಅಂಟಿಕೊಂಡಿತು. "ದ ನರ್ಸ್ ಕ್ಲೀನ್ಡ್ ಹರ್ ಸ್ಕಿನ್ ವಿತ್ ಆಲ್ಕೊಹಾಲ್" ಎಂಬಲ್ಲಿ ಸುರ್ಮಾದ ಸುಳಿವೂ ಇಲ್ಲ.

ಕಿವಿಗೆ ಒಂದೇ ರೀತಿ ಕೇಳಿಸಿದ ಮಾತ್ರಕ್ಕೆ ಸಂಬಂಧ ಕಟ್ಟುವುದೂ ಸಲ್ಲದು. ಆಲ್ಜಿಬ್ರಾದ 'ಜಬ್ರ್'ಗೂ ನಮ್ಮ 'ಜಬರ್ದಸ್ತಿ'ಗೂ ನಂಟಿಲ್ಲ. ಜಬರ್ದಸ್ತಿಯು ಪಾರ್ಸಿಯದ್ದು: 'ಝಬರ್' ಎಂದರೆ ಮೇಲೆ, 'ದಸ್ತ್' ಎಂದರೆ ಕೈ, ಮೇಲುಗೈ ಎಂದರ್ಥ. ಹಾಗೆಯೇ 'ಆಲ್ಸೊ', 'ಆಲ್ವೇಸ್' ಪದಗಳ ಆರಂಭದ 'ಆಲ್' ಅರಬಿಯದ್ದಲ್ಲ, ಅದು ಶುದ್ಧ ಇಂಗ್ಲಿಷ್. ಆದ್ದರಿಂದ ಮೂಲವನ್ನು ನೆನಪಿನ ಗೂಟವಾಗಿ ಬಳಸಿರಿ; ಅರ್ಥವನ್ನು ಮಾತ್ರ ವಾಕ್ಯದಿಂದಲೇ ಪಡೆಯಿರಿ.

ಎರಡನೆಯ ಪಾಠ: ಪರೀಕ್ಷೆಯ ಪದಗಳು

ಇನ್ನು ಮನೆಯಿಂದ ಕಾಲೇಜಿಗೆ ಬರೋಣ. ಉತ್ತರ ಗೊತ್ತಿದ್ದೂ ಅಂಕ ಕಳೆದುಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಪ್ರಶ್ನೆಯ ಮೊದಲ ಪದವನ್ನು ಅವರು ಗಮನಿಸುವುದಿಲ್ಲ. ಆ ಒಂದು ಪದವೇ ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು ಎಂಬುದನ್ನು ತಿಳಿಸುತ್ತದೆ.

ಡಿಫೈನ್ — ವ್ಯಾಖ್ಯಾನಿಸು. "ಡಿಫೈನ್ ಆಕ್ಸಿಲರೇಶನ್." ವೇಗೋತ್ಕರ್ಷವೆಂದರೇನೆಂದು ಒಂದೆರಡು ವಾಕ್ಯಗಳಲ್ಲಿ ನಿಖರವಾಗಿ ಹೇಳಿದರೆ ಸಾಕು.

ಸ್ಟೇಟ್ — ನಿರೂಪಿಸು. "ಸ್ಟೇಟ್ ಓಮ್ಸ್ ಲಾ." ಓಮನ ನಿಯಮವನ್ನು ಇದ್ದಂತೆ ಬರೆಯಿರಿ, ಸಮರ್ಥನೆ ಬೇಕಿಲ್ಲ. 'ಸ್ಟೇಟ್' ಎಂದರೆ ರಾಜ್ಯ ಎಂದಷ್ಟೇ ಕಲಿತ ಮಗು ಇಲ್ಲಿ ಗಲಿಬಿಲಿಗೊಳ್ಳುತ್ತದೆ.

ಎಕ್ಸ್‌ಪ್ಲೇನ್ — ಕಾರಣ ಸಹಿತ ವಿವರಿಸು. "ಎಕ್ಸ್‌ಪ್ಲೇನ್ ವೈ ಐಸ್ ಫ್ಲೋಟ್ಸ್ ಆನ್ ವಾಟರ್." ಮಂಜುಗಡ್ಡೆ ತೇಲುತ್ತದೆ ಎಂದರೆ ಸಾಲದು, ಅದರ ಸಾಂದ್ರತೆ ನೀರಿಗಿಂತ ಕಡಿಮೆ ಎಂಬ ಕಾರಣವನ್ನೂ ಬರೆಯಬೇಕು.

ಡಿಸ್ಟಿಂಗ್ವಿಶ್ — ವ್ಯತ್ಯಾಸ ತೋರಿಸು. ಜೊತೆಯ ಪದ 'ಬಿಟ್ವೀನ್'. "ಡಿಸ್ಟಿಂಗ್ವಿಶ್ ಬಿಟ್ವೀನ್ ಮಾಸ್ ಆಂಡ್ ವೇಟ್." ರಾಶಿ ಮತ್ತು ತೂಕ ಎರಡನ್ನೂ ಎದುರೆದುರಾಗಿಟ್ಟು ಬರೆಯಬೇಕು. ಒಂದರ ಬಗ್ಗೆ ಮಾತ್ರ ಪುಟಗಟ್ಟಲೆ ಬರೆದರೆ ಪೂರ್ಣ ಅಂಕ ಸಿಗದು.

ಡಿರೈವ್ — ಹಂತ ಹಂತವಾಗಿ ಸಾಧಿಸಿ ತೋರಿಸು. ಕೊನೆಯ ಸೂತ್ರವನ್ನು ಮಾತ್ರ ಬರೆದರೆ ಉತ್ತರವಾಗುವುದಿಲ್ಲ.

ದಿನಬಳಕೆಯ ಪದಗಳೇ ವಿಜ್ಞಾನದಲ್ಲಿ ಬೇರೆ ಅರ್ಥ ಪಡೆಯುವುದೂ ಉಂಟು. 'ಸೊಲ್ಯೂಶನ್' ಎಂದರೆ ಪರಿಹಾರ. ರಸಾಯನ ಶಾಸ್ತ್ರದಲ್ಲಿ ದ್ರಾವಣ. 'ಸೆಲ್' ಎಂದರೆ ಜೀವಶಾಸ್ತ್ರದಲ್ಲಿ ಜೀವಕೋಶ, ಭೌತಶಾಸ್ತ್ರದಲ್ಲಿ ವಿದ್ಯುತ್ಕೋಶ, ಪೊಲೀಸ್ ಠಾಣೆಯಲ್ಲಿ ಕೈದಿಯ ಕೋಣೆ! 'ನಾರ್ಮಲ್' ಎಂದರೆ ಸಾಮಾನ್ಯ; ರೇಖಾಗಣಿತದಲ್ಲಿ ಲಂಬರೇಖೆ. 'ವರ್ಕ್' ಎಂದರೆ ಕೆಲಸ. ಆದರೆ ಭೌತಶಾಸ್ತ್ರದ ಪ್ರಕಾರ, ಎಷ್ಟು ಬಲ ಹಾಕಿ ತಳ್ಳಿದರೂ ಗೋಡೆ ಕದಲದಿದ್ದರೆ ಅದರ ಮೇಲೆ ನಡೆದ ವರ್ಕ್ ಸೊನ್ನೆ. ಇಂತಹ ಪದಗಳಿಗೆ ಎರಡು ವಾಕ್ಯಗಳನ್ನು ಬರೆಯಿರಿ: ಒಂದು ಮನೆಯ ವಾಕ್ಯ, ಇನ್ನೊಂದು ಪಾಠದ ವಾಕ್ಯ.

ಮೂರನೆಯ ಪಾಠ: ಔಷಧಿಯ ಬಾಟಲಿ

ಇದು ವಿಶೇಷವಾಗಿ ತಾಯಂದಿರಿಗೆ. ಇಲ್ಲಿ ತಪ್ಪಾದರೆ ಹೋಗುವುದು ಅಂಕವಲ್ಲ, ಆರೋಗ್ಯ. ಈ ಎರಡು ವಾಕ್ಯಗಳನ್ನು ಹೋಲಿಸಿ ನೋಡಿರಿ.

"ಟೇಕ್ ಒನ್ ಟ್ಯಾಬ್ಲೆಟ್ ಟ್ವೈಸ್ ಎ ಡೇ." — ದಿನಕ್ಕೆ ಎರಡು ಸಲ, ಒಂದೊಂದು ಮಾತ್ರೆ.
"ಟೇಕ್ ಟೂ ಟ್ಯಾಬ್ಲೆಟ್ಸ್ ಒನ್ಸ್ ಎ ಡೇ." — ದಿನಕ್ಕೆ ಒಂದೇ ಸಲ, ಎರಡು ಮಾತ್ರೆ.

ಎರಡರಲ್ಲೂ ದಿನಕ್ಕೆ ಎರಡು ಮಾತ್ರೆಯೇ. ಆದರೆ ಒಂದರ ಬದಲು ಇನ್ನೊಂದನ್ನು ಮಾಡುವುದು ಅಪಾಯಕಾರಿಯಾಗಬಹುದು. 'ಒನ್' ಎಂದರೆ ಒಂದು, 'ಒನ್ಸ್' ಎಂದರೆ ಒಂದು ಸಲ. 'ಟೂ' ಎಂದರೆ ಎರಡು, 'ಟ್ವೈಸ್' ಎಂದರೆ ಎರಡು ಸಲ. ಮಾತ್ರೆಗೆ 'ಈಟ್' ಎನ್ನುವುದಿಲ್ಲ, 'ಟೇಕ್' ಎನ್ನುತ್ತಾರೆ ಎಂಬುದನ್ನೂ ಗಮನಿಸಿರಿ.

"ಶೇಕ್ ವೆಲ್ ಬಿಫೋರ್ ಯೂಸ್." — ಬಳಸುವ ಮೊದಲು ಚೆನ್ನಾಗಿ ಕುಲುಕಿರಿ. ಇಲ್ಲಿ 'ವೆಲ್' ಎಂದರೆ ಬಾವಿಯಲ್ಲ, ಚೆನ್ನಾಗಿ.
"ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ." — ಹೊರಗೆ ಹಚ್ಚಲು ಮಾತ್ರ, ಕುಡಿಯಬಾರದು.
"ಕೀಪ್ ಔಟ್ ಆಫ್ ರೀಚ್ ಆಫ್ ಚಿಲ್ಡ್ರನ್." — ಮಕ್ಕಳ ಕೈಗೆಟುಕದಂತೆ ಇಡಿರಿ. 'ರೀಚ್' ಎಂದರೆ ಇಲ್ಲಿ ಕೈಗೆಟುಕುವ ಅಂತರ.
"ಟು ಬಿ ಟೇಕನ್ ಆನ್ ಆ್ಯನ್ ಎಂಪ್ಟಿ ಸ್ಟಮಕ್." — ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು.

ಅಭ್ಯಾಸ ಮಾಡುವ ಕ್ರಮ

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ನೆನಪಿನ ಬಗ್ಗೆ ತಾನು ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕಲಿತದ್ದರಲ್ಲಿ ಬಹುಭಾಗ ಮೊದಲ ದಿನವೇ ಮರೆತು ಹೋಗುತ್ತದೆ, ಆದರೆ ಅಂತರ ಬಿಟ್ಟು ಪುನರಾವರ್ತಿಸಿದರೆ ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರು ಕಂಡುಕೊಂಡರು. ಇದನ್ನು ಆಧರಿಸಿ ಹೀಗೆ ಮಾಡಬಹುದು.

ಒಂದು ನೋಟ್ ಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಎಳೆಯಿರಿ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅರ್ಥ, ಮೂರನೆಯದರಲ್ಲಿ ಜೊತೆಯ ಪದ, ನಾಲ್ಕನೆಯದರಲ್ಲಿ ನಿಮ್ಮದೇ ಒಂದು ವಾಕ್ಯ. ನಾಲ್ಕನೆಯ ಅಂಕಣ ಎಲ್ಲಕ್ಕಿಂತ ಮುಖ್ಯ. ಪುಸ್ತಕದ ವಾಕ್ಯವನ್ನು ನಕಲು ಮಾಡಬೇಡಿರಿ. ನಿಮ್ಮ ಅಂಗಳ, ನಿಮ್ಮ ತಮ್ಮ, ನಿಮ್ಮ ಊರಿನ ಬಸ್ಸು ಅದರಲ್ಲಿ ಬರಲಿ. ಸ್ವಂತ ಬದುಕಿನ ವಾಕ್ಯ ಬೇಗ ಮರೆಯದು.

ದಿನಕ್ಕೆ ಐದೇ ಪದಗಳು ಸಾಕು. ವಾರದಲ್ಲಿ ಆರು ದಿನ ಕಲಿತು, ಏಳನೆಯ ದಿನ ಹಿಂದಿನದ್ದನ್ನು ಓದಿರಿ. ವಾರಕ್ಕೆ 30 ಪದಗಳಾದರೆ 50 ವಾರಗಳಲ್ಲಿ 1,500 ಪದಗಳಾಗುತ್ತವೆ. ಇಂದು ಬರೆದುದನ್ನು ನಾಳೆ, ಮೂರನೆಯ ದಿನ, ಏಳನೆಯ ದಿನ ಮತ್ತು ಒಂದು ತಿಂಗಳ ಬಳಿಕ ಮತ್ತೆ ನೋಡಿರಿ. ಅರ್ಥದ ಅಂಕಣವನ್ನು ಕೈಯಿಂದ ಮುಚ್ಚಿ, ವಾಕ್ಯವನ್ನು ಮಾತ್ರ ಓದಿ ಅರ್ಥ ಹೇಳಲು ಪ್ರಯತ್ನಿಸಿರಿ.

ಮೊಬೈಲಿನಲ್ಲಿ ಅರ್ಥ ನೋಡುವವರು ಮೊದಲು ಬಂದ ಒಂದು ಅರ್ಥಕ್ಕೇ ತೃಪ್ತರಾಗಬಾರದು. ಕೆಳಗಿನ ಉದಾಹರಣೆ ವಾಕ್ಯಗಳನ್ನೂ ಓದಬೇಕು. ಉಚ್ಚಾರವನ್ನು ಕೇಳಿ ಕಲಿಯಲು ಈಗ ಅದು ಬಹಳ ಉಪಯುಕ್ತ.

ಇನ್ನು ಹೆತ್ತವರಲ್ಲಿ ಒಂದು ಮಾತು. ಇಂಗ್ಲಿಷ್ ಬಾರದ ತಾಯಿಯೂ ಈ ಪಾಠ ಮಾಡಿಸಬಲ್ಲಳು. ಅಡುಗೆ ಮನೆಯಲ್ಲಿ 'ಇದಕ್ಕೇನನ್ನುತ್ತಾರೆ, ಒಂದು ವಾಕ್ಯದಲ್ಲಿ ಹೇಳು' ಎಂದು ಕೇಳಿದರೆ ಸಾಕು. ಮಗು ತಪ್ಪು ಹೇಳಿದರೆ ನಗಬೇಡಿರಿ. ಅತಿಥಿಗಳ ಮುಂದೆ ಇಂಗ್ಲಿಷ್ ಮಾತನಾಡಿಸಿ ಪರೀಕ್ಷಿಸಬೇಡಿರಿ. ಒಮ್ಮೆ ನಗೆಗೀಡಾದ ಮಗು ಮತ್ತೆ ಬಾಯಿ ತೆರೆಯಲು ಅಂಜುತ್ತದೆ. ಹಾಗೆಯೇ ಇಂಗ್ಲಿಷ್ ಕಲಿಯಬೇಕೆಂದು ಮನೆಯ ಭಾಷೆಯನ್ನು ಬಿಡಬೇಕಾಗಿಲ್ಲ. ಮನೆಯ ಪದವೇ ಹೊಸ ಪದಕ್ಕೆ ಹಿಡಿಯುವ ದೀಪವೆಂಬುದನ್ನು ಮೊದಲ ಪಾಠದಲ್ಲಿ ನಾವು ಕಂಡೆವು.

ಅಭ್ಯಾಸ

ಬಿಟ್ಟ ಸ್ಥಳವನ್ನು ತುಂಬಿರಿ.
1. "ಐ ಬಾರೋಡ್ ಎ ಪೆನ್ ____ ಮೈ ಸಿಸ್ಟರ್."
2. "ಹಿ ಇಸ್ ಗುಡ್ ____ ಕ್ರಿಕೆಟ್."
3. "ಡಿಸ್ಟಿಂಗ್ವಿಶ್ ____ ಆಸಿಡ್ಸ್ ಆಂಡ್ ಬೇಸಸ್."
4. "ದ ಮಾನ್ಸೂನ್ ಹಸ್ ಸೆಟ್ ____."
5. 'ದಿನಕ್ಕೆ ಒಂದು ಸಲ ಎರಡು ಮಾತ್ರೆ' — "ಟೇಕ್ ಟೂ ಟ್ಯಾಬ್ಲೆಟ್ಸ್ ____ ಎ ಡೇ."

ಕೊನೆಯದಾಗಿ, 'ತೆಗೆ' ಎಂಬ ಕನ್ನಡ ಪದವನ್ನು ತೆಗೆದುಕೊಳ್ಳಿರಿ. ಬಾಗಿಲು ತೆಗೆ, ಚಪ್ಪಲಿ ತೆಗೆ, ಫೋಟೊ ತೆಗೆ, ಒಳ್ಳೆಯ ಅಂಕ ತೆಗೆ. ಈ ನಾಲ್ಕನ್ನೂ ಇಂಗ್ಲಿಷ್‌ನಲ್ಲಿ ಹೇಗೆ ಹೇಳುವಿರಿ? ಮನೆಮಂದಿಯೆಲ್ಲ ಸೇರಿ ಯೋಚಿಸಿರಿ. ಆಮೇಲೆ ಕೆಳಗಿನ ಉತ್ತರ ನೋಡಿರಿ.

ಉತ್ತರ: 1. ಫ್ರಮ್ 2. ಅಟ್ 3. ಬಿಟ್ವೀನ್ 4. ಇನ್ 5. ಒನ್ಸ್. 'ತೆಗೆ': "ಓಪನ್ ದ ಡೋರ್", "ಟೇಕ್ ಆಫ್ ಯುವರ್ ಸ್ಲಿಪರ್ಸ್", "ಟೇಕ್ ಎ ಫೋಟೊ", "ಗೆಟ್ ಗುಡ್ ಮಾರ್ಕ್ಸ್".